ಕೇಳಿದ ಮಾತನ್ನು ಒರೆಗೆ ಹಚ್ಚುವುದು: ಪ್ರೌಢಶಾಲೆಯ ಇಂಗ್ಲಿಷ್ ಬೋಧನೆಯಲ್ಲಿ ಮೌಖಿಕ ಪಠ್ಯಗಳ ವಿವೇಚನೆ

ಸಾರಾಂಶ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಆಲಿಸುವಿಕೆಯನ್ನು ಬಹುಮಟ್ಟಿಗೆ ಅರ್ಥಗ್ರಹಣದ ಕೌಶಲವೆಂದೇ ತಿಳಿಯಲಾಗಿದೆ. ಕೇಳಿದ ಮಾತು ನಂಬತಕ್ಕದ್ದೇ, ಅದರ ತರ್ಕ ನಿಲ್ಲುತ್ತದೆಯೇ, ಮಾತಾಡುವವರ ನಿಲುವೇನು ಎಂದು ತೂಗಿ ನೋಡುವ ಕೆಲಸಕ್ಕೆ ಬೋಧನೆಯಲ್ಲಿ ಎಡೆ ಕಡಿಮೆ. ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪಠ್ಯಪುಸ್ತಕದ ಎರಡು ಪಾಠಗಳನ್ನು ಈ ದೃಷ್ಟಿಯಿಂದ ವಿಮರ್ಶಿಸುವ ಪ್ರಸ್ತುತ ಲೇಖನವು, ಹುಬ್ಬಳ್ಳಿ-ಧಾರವಾಡ ಪರಿಸರದ ವಿದ್ಯಾರ್ಥಿಗಳ ಮನೆಮಾತಿನಲ್ಲಿಯೇ ಇಂಥ ವಿವೇಚನೆಗೆ ಬೇಕಾದ ವ್ಯಾಕರಣದ ಸಾಮಗ್ರಿ ಇದೆಯೆಂದೂ, ಇಂಗ್ಲಿಷ್ ಬೋಧನೆ ಅದನ್ನು ಬಳಸಿಕೊಳ್ಳಬೇಕೆಂದೂ ವಾದಿಸುತ್ತದೆ.

ಪ್ರಮುಖ ಪದಗಳು: ಆಲಿಸುವಿಕೆ, ಮೌಖಿಕ ಪಠ್ಯ, ವಿವೇಚನೆ, ವರದಿಸೂಚಕ, ವಾಕ್ಯದ ಒತ್ತು, ಧಾರವಾಡ ಕನ್ನಡ

1. ಪೀಠಿಕೆ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುವ ವಿದ್ಯಾರ್ಥಿಯು ಒಂದೇ ಪ್ರಕಟಣೆಯನ್ನು ಕನ್ನಡ, ಹಿಂದಿ, ಇಂಗ್ಲಿಷ್ ಈ ಮೂರು ಭಾಷೆಗಳಲ್ಲಿ ಕೇಳುತ್ತಾನೆ. ಗಾಡಿ ತಡವಾಗಿದೆ ಎಂಬ ಸುದ್ದಿಯ ಕೊನೆಗೆ, ಉಂಟಾದ ಅನಾನುಕೂಲವು ವಿಷಾದಿಸಲ್ಪಟ್ಟಿದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಬರುತ್ತದೆ. ಆ ವಾಕ್ಯದಲ್ಲಿ ತಡಮಾಡಿದವರು ಯಾರು ಎಂಬುದೂ ಇಲ್ಲ, ವಿಷಾದಿಸುವವರು ಯಾರು ಎಂಬುದೂ ಇಲ್ಲ. ಕರ್ಮಣಿ ಪ್ರಯೋಗವನ್ನು ಎಂಟನೆಯ ತರಗತಿಯಿಂದ ಹತ್ತನೆಯದರವರೆಗೆ ನಮ್ಮ ವಿದ್ಯಾರ್ಥಿಗಳು ಕಲಿಯುತ್ತಾರೆ. ಕರ್ತರಿಯಿಂದ ಕರ್ಮಣಿಗೆ, ಕರ್ಮಣಿಯಿಂದ ಕರ್ತರಿಗೆ ವಾಕ್ಯಗಳನ್ನು ಬದಲಿಸುತ್ತಾರೆ. ಆದರೆ ನಿಲ್ದಾಣದ ಆ ವಾಕ್ಯವನ್ನು ಕೇಳಿ ‘ಇಲ್ಲಿ ಕರ್ತೃ ಎಲ್ಲಿ ಹೋದ?’ ಎಂದು ಕೇಳುವುದನ್ನು ಅವರಿಗೆ ಯಾರೂ ಕಲಿಸುವುದಿಲ್ಲ. ವ್ಯಾಕರಣದ ಅರಿವಿದೆ, ಆದರೆ ಕಿವಿಗೆ ಬಿದ್ದ ಮಾತಿಗೆ ಅದನ್ನು ಹಚ್ಚಿ ನೋಡುವ ರೂಢಿಯಿಲ್ಲ.

ಪ್ರಸ್ತುತ ಲೇಖನದ ವಿಷಯ ಈ ಕೊರತೆ. ಮೌಖಿಕ ಪಠ್ಯ ಎಂದರೆ ಇಲ್ಲಿ ಭಾಷಣ, ಸಂದರ್ಶನ, ಸುದ್ದಿ, ಪ್ರಕಟಣೆ, ದೂರವಾಣಿ ಕರೆ, ಜಾಹೀರಾತು ಮುಂತಾಗಿ ಕಿವಿಯ ಮೂಲಕ ಗ್ರಹಿಸಬೇಕಾದ ಎಲ್ಲ ಬಗೆಯ ಮಾತು. ಅದರ ವಿವೇಚನೆ ಎಂದರೆ, ಏನು ಹೇಳಲಾಯಿತು ಎಂಬುದನ್ನು ಗ್ರಹಿಸಿದ ಮೇಲೆ, ಯಾರು, ಯಾರಿಗೆ, ಯಾವ ಆಧಾರದ ಮೇಲೆ, ಏತಕ್ಕಾಗಿ ಹೇಳಿದರು ಮತ್ತು ಹೇಳಿದ್ದು ನಿಲ್ಲುತ್ತದೆಯೇ ಎಂದು ನಿರ್ಣಯಿಸುವುದು.

2. ‘ಮೌಲ್ಯಮಾಪನ’ ಯಾರ ಕೆಲಸ?

ಮೊದಲು ಪದದ ಮಾತು. ಕನ್ನಡ ಶಾಲಾಭಾಷೆಯಲ್ಲಿ ‘ಮೌಲ್ಯಮಾಪನ’ ಎಂಬುದು ಶಿಕ್ಷಕನ ಕ್ರಿಯೆ. ಉತ್ತರಪತ್ರಿಕೆಗಳ ಮೌಲ್ಯಮಾಪನ, ಮೌಲ್ಯಮಾಪನ ಕೇಂದ್ರ, ಮರುಮೌಲ್ಯಮಾಪನ, ಹೀಗೆ ಎಲ್ಲ ಬಳಕೆಗಳಲ್ಲಿಯೂ ಅಳೆಯುವವನು ಶಿಕ್ಷಕ, ಅಳೆಯಿಸಿಕೊಳ್ಳುವವನು ವಿದ್ಯಾರ್ಥಿ. ವಿದ್ಯಾರ್ಥಿಯೇ ಒಂದು ಪಠ್ಯವನ್ನು ಅಳೆಯುತ್ತಾನೆ ಎಂಬ ಕಲ್ಪನೆಗೆ ಈ ಪದ ಒಗ್ಗುವುದಿಲ್ಲ. ಈ ಕಾರಣದಿಂದಲೇ ಲೇಖನದಲ್ಲಿ ‘ವಿವೇಚನೆ’ ಎಂಬ ಪದವನ್ನು ಬಳಸಲಾಗಿದೆ.

ಪದದ ಈ ಹಂಚಿಕೆ ಪರೀಕ್ಷಾಕ್ರಮದಲ್ಲಿಯೂ ಕಾಣುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕಗಳ ಲಿಖಿತ ಪ್ರಶ್ನೆಪತ್ರಿಕೆ, 20 ಅಂಕಗಳ ಶಾಲಾ ಹಂತದ ಆಂತರಿಕ ಮೌಲ್ಯಮಾಪನ ಎಂಬ ವ್ಯವಸ್ಥೆ ಬಹುಕಾಲದಿಂದ ನಡೆದುಬಂದಿದೆ. ಲಿಖಿತ ಪ್ರಶ್ನೆಪತ್ರಿಕೆಯಲ್ಲಿ ಆಲಿಸುವಿಕೆಗೆ ಸ್ಥಾನವಿಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2010ರ ದಶಕದಲ್ಲಿ ತನ್ನ ಶಾಲೆಗಳಲ್ಲಿ ಮಾತು ಮತ್ತು ಆಲಿಸುವಿಕೆಯ ಪರೀಕ್ಷೆಯನ್ನು ಕೆಲ ವರ್ಷ ನಡೆಸಿ ಕೈಬಿಟ್ಟಿತು. ಅಲ್ಲಿಯೂ ಧ್ವನಿಮುದ್ರಣವನ್ನು ಕೇಳಿಸಿ ಮಾಹಿತಿಯನ್ನು ಗುರುತಿಸುವಂತೆ ಕೇಳುವುದೇ ಮುಖ್ಯವಾಗಿತ್ತು. ಪರೀಕ್ಷೆ ಇದ್ದಲ್ಲಿ ಗ್ರಹಿಕೆಯ ಪರೀಕ್ಷೆ. ಇಲ್ಲದಲ್ಲಿ ಏನೂ ಇಲ್ಲ.

ಹೊರಗಿನ ಒಂದು ಮಾದರಿಯನ್ನು ಇಲ್ಲಿ ನೆನೆಯಬಹುದು. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಸಾಮಾನ್ಯ ಕಲಿಕಾ ಮಾನದಂಡಗಳು ಒಂಬತ್ತು-ಹತ್ತನೆಯ ತರಗತಿಯ ವಿದ್ಯಾರ್ಥಿಯು ಭಾಷಣಕಾರನ ದೃಷ್ಟಿಕೋನ, ತರ್ಕ, ಆಧಾರಗಳ ಬಳಕೆ ಮತ್ತು ಮಾತಿನ ಅಲಂಕಾರಗಳನ್ನು ವಿವೇಚಿಸಬೇಕು, ತಪ್ಪು ತರ್ಕವನ್ನೂ ಉತ್ಪ್ರೇಕ್ಷೆಯನ್ನೂ ಗುರುತಿಸಬೇಕು ಎಂದು ಹೇಳುತ್ತವೆ. ಗುರಿ ಒಪ್ಪತಕ್ಕದ್ದೇ. ಆದರೆ ಆ ಮಾನದಂಡವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬೆಳೆದ ಕಿವಿಯನ್ನು ಎಣಿಸಿಕೊಂಡಿದೆ. ಧಾರವಾಡದ ಕನ್ನಡ ಮಾಧ್ಯಮದ ವಿದ್ಯಾರ್ಥಿ ಇಂಗ್ಲಿಷ್ ಮಾತನ್ನು ತೂಗುವಾಗ ಎದುರಿಸುವ ಎರಡು ತೊಡಕುಗಳು ಅಲ್ಲಿ ಲೆಕ್ಕಕ್ಕೆ ಬಂದಿಲ್ಲ: ಇಂಗ್ಲಿಷಿನ ಧ್ವನಿಯೊಳಗೆ ಅಡಗಿರುವ ನಿಲುವನ್ನು ಹಿಡಿಯುವುದು, ಮತ್ತು ಇಂಗ್ಲಿಷ್ ಎಂಬುದಕ್ಕೇ ನಮ್ಮ ಸಮಾಜದಲ್ಲಿರುವ ಪ್ರತಿಷ್ಠೆಯನ್ನು ಮಾತಿನ ಸತ್ಯದಿಂದ ಬೇರ್ಪಡಿಸುವುದು.

3. ಪಠ್ಯದಲ್ಲಿಯೇ ಇರುವ ಪಾಠ: ಸ್ವಾಮಿಯ ಪ್ರಶ್ನೆ

ಹತ್ತನೆಯ ತರಗತಿಯ ಪಠ್ಯಪುಸ್ತಕದಲ್ಲಿ ಆರ್.ಕೆ. ನಾರಾಯಣರ ‘ಎ ಹೀರೋ’ ಕಥೆಯಿದೆ. ಕಥೆಯ ಆರಂಭವೇ ಒಂದು ಆಲಿಸುವಿಕೆಯ ಸಂದರ್ಭ. ತಂದೆ ವೃತ್ತಪತ್ರಿಕೆಯಲ್ಲಿನ ಸುದ್ದಿಯೊಂದನ್ನು ಮಗನಿಗೆ ತಿಳಿಸುತ್ತಾನೆ: ಕಾಡುದಾರಿಯಲ್ಲಿ ಹಳ್ಳಿಯ ಹುಡುಗನೊಬ್ಬ ಹುಲಿಗೆ ಎದುರಾಗಿ ಧೈರ್ಯದಿಂದ ಹೋರಾಡಿದ. ಸ್ವಾಮಿ ಕೇಳಿದ್ದನ್ನು ನಂಬುವುದಿಲ್ಲ. ಅವನು ಹುಡುಗನಾಗಿರಲಾರ, ಬಲಿಷ್ಠನಾದ ದೊಡ್ಡವನೇ ಇರಬೇಕು ಎಂದು ಊಹಿಸುತ್ತಾನೆ. ಪತ್ರಿಕೆಗಿಂತ ನೀನೇ ಜಾಣನೋ ಎಂದು ತಂದೆ ಹಂಗಿಸುತ್ತಾನೆ. ಬಲವಾಗಲಿ ವಯಸ್ಸಾಗಲಿ ಮುಖ್ಯವಲ್ಲ, ಧೈರ್ಯವಿದ್ದರೆ ಸಾಕು ಎಂಬುದು ತಂದೆಯ ಪ್ರತಿಪಾದನೆ. ಸ್ವಾಮಿ ಬಿಡುವುದಿಲ್ಲ: ನನಗೆ ಬೇಕಾದಷ್ಟು ಧೈರ್ಯವಿದೆ ಎಂದೇ ಇಟ್ಟುಕೊಳ್ಳೋಣ, ಹುಲಿ ಮೇಲೆ ಬಿದ್ದರೆ ನಾನೇನು ಮಾಡಲಾದೀತು? ಆಗ ತಂದೆ ಪ್ರಶ್ನೆಗೆ ಉತ್ತರಿಸದೆ ಪ್ರಶ್ನೆ ಕೇಳಿದವನತ್ತ ತಿರುಗುತ್ತಾನೆ. ಬಲದ ಮಾತು ಹಾಗಿರಲಿ, ನಿನಗೆ ಧೈರ್ಯವಿದ್ದರೆ ಈ ರಾತ್ರಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಿ ತೋರಿಸು ಎನ್ನುತ್ತಾನೆ.

ಮೌಖಿಕ ಪಠ್ಯದ ವಿವೇಚನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸ್ವಾಮಿ ಮೊದಲು ಆಧಾರವನ್ನು ಅನುಮಾನಿಸುತ್ತಾನೆ. ಅನಂತರ ಸಾಮಾನ್ಯ ಪ್ರತಿಪಾದನೆಯನ್ನು ಒಂದು ಕಲ್ಪಿತ ಸನ್ನಿವೇಶದಿಂದ ಪರೀಕ್ಷಿಸುತ್ತಾನೆ. ಎರಡೂ ಸರಿಯಾದ ಕ್ರಮಗಳು. ತಂದೆಯ ಎರಡೂ ಉತ್ತರಗಳು ತರ್ಕದ ದೃಷ್ಟಿಯಿಂದ ದೋಷಪೂರ್ಣ. ಮೊದಲನೆಯದು ಅಚ್ಚಾದ ಮಾತಿನ ಅಧಿಕಾರಕ್ಕೆ ಮೊರೆಹೋಗುತ್ತದೆ. ಎರಡನೆಯದು ವಾದವನ್ನು ಬಿಟ್ಟು ವಾದಿಯ ಮೇಲೆ ಹಾಯುತ್ತದೆ. ಕಥೆಯ ಮುಂದಿನ ಭಾಗ ಇನ್ನೂ ಸೂಕ್ಷ್ಮ. ಕತ್ತಲಿನಲ್ಲಿ ಹೆದರಿ ನಡುಗುತ್ತ ಸ್ವಾಮಿ ಕಚ್ಚಿ ಹಿಡಿದದ್ದು ಕಳ್ಳನ ಕಾಲನ್ನು. ಮರುದಿನ ಅವನಿಗೆ ಸಿಕ್ಕ ಹೊಗಳಿಕೆಯೆಲ್ಲ ಧೈರ್ಯಕ್ಕಾಗಿ. ಕೃತ್ಯ ಹುಟ್ಟಿದ್ದು ಭಯದಿಂದ. ಹಾಗಿದ್ದರೆ ತಂದೆಯ ಪ್ರತಿಪಾದನೆ ಸಿದ್ಧವಾಯಿತೋ, ಬಿದ್ದುಹೋಯಿತೋ? ಪತ್ರಿಕೆಯ ಆ ಹುಡುಗನ ‘ಧೈರ್ಯ’ವೂ ಹೀಗೆಯೇ ಹುಟ್ಟಿದ್ದಿರಬಹುದಲ್ಲವೇ?

ತರಗತಿಯಲ್ಲಿ ಈ ಪಾಠದ ಮೇಲೆ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು ಬೇರೆ ಜಾತಿಯವು: ಪತ್ರಿಕೆಯಲ್ಲಿ ಇದ್ದ ಸುದ್ದಿ ಏನು, ತಂದೆ ಒಡ್ಡಿದ ಸವಾಲು ಏನು, ಸ್ವಾಮಿ ಕಳ್ಳನನ್ನು ಹೇಗೆ ಹಿಡಿದ. ಉತ್ತರಗಳು ಪಠ್ಯದಲ್ಲಿಯೇ ಇವೆ. ಹುಡುಕಿ ಬರೆದರೆ ಅಂಕ ಬರುತ್ತದೆ. ‘ಸ್ವಾಮಿಯ ಪ್ರಶ್ನೆಗೆ ತಂದೆ ಉತ್ತರ ಕೊಟ್ಟನೇ?’ ಎಂದು ಕೇಳಿದರೆ ಮಾತ್ರ ವಿದ್ಯಾರ್ಥಿ ಸಂಭಾಷಣೆಯನ್ನು ಸಂಭಾಷಣೆಯಾಗಿ ಕೇಳಿಸಿಕೊಳ್ಳಬೇಕಾಗುತ್ತದೆ. ಕಥೆಯ ನಾಯಕ ಮಾಡುವ ಕೆಲಸವನ್ನು ಕಥೆಯನ್ನು ಓದುವ ವಿದ್ಯಾರ್ಥಿಯಿಂದ ಮಾಡಿಸದೆ ಬಿಡುವುದು ವಿಚಿತ್ರವೇ ಸರಿ.

4. ಪ್ರಶ್ನೆ ಕಳೆದುಕೊಂಡ ಉತ್ತರ: ಪೋರ್ಷಿಯಾಳ ಮಾತು

ಅದೇ ಪುಸ್ತಕದ ಪದ್ಯಭಾಗದಲ್ಲಿ ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೆಯ ಅಂಕದ ಮೊದಲ ದೃಶ್ಯದಿಂದ ಆಯ್ದ, ದಯೆಯನ್ನು ಕುರಿತ ಪೋರ್ಷಿಯಾಳ ಮಾತುಗಳಿವೆ. ಅದು ನ್ಯಾಯಾಲಯದಲ್ಲಿ ಆಡಿದ ವಾದ. ಪಠ್ಯದಲ್ಲಿ ಅದು ನೀತಿಪದ್ಯವಾಗಿ ನಿಂತಿದೆ. ಸಂದರ್ಭವನ್ನು ಶಿಕ್ಷಕರು ವಿವರಿಸಿದರೂ ವಿದ್ಯಾರ್ಥಿ ಬಾಯಿಪಾಠ ಮಾಡುವುದು ಪದ್ಯವನ್ನು.

ನಾಟಕದಲ್ಲಿ ಈ ಮಾತು ಒಂದು ಪ್ರಶ್ನೆಗೆ ಉತ್ತರ. ಶೈಲಾಕನು ದಯೆ ತೋರಲೇಬೇಕು ಎಂದು ಪೋರ್ಷಿಯಾ ಹೇಳಿದಾಗ, ಯಾವ ಕಟ್ಟುಪಾಡಿನಿಂದ ತೋರಬೇಕು ಎಂದು ಅವನು ಕೇಳುತ್ತಾನೆ. ದಯೆಯೆಂಬುದು ಒತ್ತಾಯದಿಂದ ಹುಟ್ಟುವಂಥದಲ್ಲ ಎಂದು ಅವಳ ಮಾತು ಮೊದಲಾಗುವುದು ಆ ಪ್ರಶ್ನೆಯ ಬೆನ್ನಿಗೆ. ಸಂಭಾಷಣಾ ವಿಶ್ಲೇಷಣೆಯಲ್ಲಿ ಪ್ರಶ್ನೆ-ಉತ್ತರ, ಕರೆ-ಓಗೊಡುವಿಕೆ ಮುಂತಾದವನ್ನು ಜೋಡಿನುಡಿಗಳೆಂದು ಗುರುತಿಸುತ್ತಾರೆ. ಮೊದಲ ಭಾಗವಿಲ್ಲದೆ ಎರಡನೆಯದರ ಅರ್ಥ ಪೂರ್ತಿಯಾಗದು. ಆಯ್ದ ಭಾಗದಲ್ಲಿ ಜೋಡಿಯ ಮೊದಲ ಭಾಗ ಕಳಚಿಹೋಗಿದೆ. ಆದ್ದರಿಂದ ಮೊದಲ ಸಾಲಿನ ‘ಸ್ಟ್ರೇನ್ಡ್’ ಎಂಬ ಪದ ಏಕೆ ಬಂತು ಎಂಬುದೇ ವಿದ್ಯಾರ್ಥಿಗೆ ಹೊಳೆಯುವುದಿಲ್ಲ. ಅದು ಶೈಲಾಕನ ‘ಕಟ್ಟುಪಾಡು’ ಎಂಬ ಮಾತಿಗೆ ನೇರವಾಗಿ ತಗುಲುವ ಪದ.

ಮೌಖಿಕ ಪಠ್ಯವಾಗಿ ಇದನ್ನು ತೂಗಿದರೆ ಮೂರು ಪ್ರಶ್ನೆಗಳು ಏಳುತ್ತವೆ. ಒಂದು, ಅವಳು ನಿಜವಾಗಿ ಉತ್ತರಿಸಿದಳೇ? ಕಟ್ಟುಪಾಡು ಯಾವುದು ಎಂಬ ಪ್ರಶ್ನೆಗೆ ಕಟ್ಟುಪಾಡಿಲ್ಲ ಎಂಬುದು ಅವಳ ಉತ್ತರ. ಆದರೆ ‘ತೋರಲೇಬೇಕು’ ಎಂದವಳೂ ಅವಳೇ. ಎರಡು, ಕೇಳುವವನ ಮೇಲೆ ಮಾತಿನ ಪರಿಣಾಮವೇನು? ಏನೂ ಇಲ್ಲ. ಶೈಲಾಕ ತನಗೆ ಕಾನೂನೇ ಬೇಕೆಂದು ಹಟ ಹಿಡಿಯುತ್ತಾನೆ. ದೇವರ ದಯೆಯನ್ನು ಕುರಿತ ಅವಳ ಕ್ರೈಸ್ತ ಧಾಟಿಯ ವಾದ ಯಹೂದಿಯಾದ ಅವನಿಗೆ ತಟ್ಟುವಂಥದೇ ಎಂದೂ ಕೇಳಬಹುದು. ಮೂರು, ಮಾತಾಡಿದವರು ತಮ್ಮ ಮಾತಿಗೆ ನಡೆದುಕೊಂಡರೇ? ಅದೇ ದೃಶ್ಯದ ಕೊನೆಗೆ ‘ದಯೆ’ಯ ಹೆಸರಿನಲ್ಲಿ ಶೈಲಾಕನ ಮೇಲೆ ಮತಾಂತರದ ನಿಬಂಧನೆ ಬೀಳುತ್ತದೆ. ಪದ್ಯದ ಸೊಗಸನ್ನು ಮೆಚ್ಚುವುದಕ್ಕೆ ಈ ಪ್ರಶ್ನೆಗಳು ಅಡ್ಡಿಯಲ್ಲ. ಇವುಗಳನ್ನು ದಾಟಿ ಬಂದ ಮೆಚ್ಚುಗೆಗೆ ಬೆಲೆ ಹೆಚ್ಚು.

5. ‘ಅಂತ’ ಎಂಬ ಆಧಾರ

ಇಂಗ್ಲಿಷ್ ಮಾತೇ ಅರ್ಥವಾಗದ ವಿದ್ಯಾರ್ಥಿ ಅದನ್ನು ತೂಗುವುದು ಹೇಗೆ ಎಂಬ ಆಕ್ಷೇಪ ಸಹಜ. ಈ ಆಕ್ಷೇಪದ ಹಿಂದೆ, ವಿವೇಚನೆಯೂ ಇಂಗ್ಲಿಷಿನ ಜೊತೆಯಲ್ಲಿಯೇ ಹೊಸದಾಗಿ ಕಲಿಯಬೇಕಾದದ್ದು ಎಂಬ ಎಣಿಕೆಯಿದೆ. ಅದು ಸರಿಯಲ್ಲ. ಮಾತಿನ ಆಧಾರವನ್ನು ತೂಗುವ ಸಾಮಗ್ರಿ ವಿದ್ಯಾರ್ಥಿಯ ಮನೆಮಾತಿನ ವ್ಯಾಕರಣದಲ್ಲಿಯೇ ಇದೆ.

ಧಾರವಾಡ ಕನ್ನಡದ ಈ ಮೂರು ವಾಕ್ಯಗಳನ್ನು ನೋಡಬಹುದು:

ನಾಳೆ ಸಾಲಿ ಸೂಟಿ ಐತಿ.
ನಾಳೆ ಸಾಲಿ ಸೂಟಿ ಐತಂತ.
ನಾಳೆ ಸಾಲಿ ಸೂಟಿ ಇರಬೇಕು.

ಮೊದಲನೆಯದರಲ್ಲಿ ಹೇಳುವವನು ಹೊಣೆ ಹೊರುತ್ತಾನೆ. ಎರಡನೆಯದರಲ್ಲಿ, ಇದು ನಾನು ಕೇಳಿದ್ದು, ನನ್ನದಲ್ಲ ಎಂದು ಕೈತೊಳೆದುಕೊಳ್ಳುತ್ತಾನೆ. ಮೂರನೆಯದು ಊಹೆ. ಶಿಷ್ಟ ಕನ್ನಡದ ‘ಅಂತೆ’ ಧಾರವಾಡದಲ್ಲಿ ‘ಅಂತ’ ಆಗಿದೆ. ‘ಎಂದು’ ಎಂಬುದರ ಆಡುರೂಪವಾದ ‘ಅಂತ’ಕ್ಕೂ ಇದಕ್ಕೂ ಧ್ವನಿಯಲ್ಲಿ ಭೇದ ಉಳಿದಿಲ್ಲವಾದರೂ, ವಾಕ್ಯದ ಕೊನೆಯಲ್ಲಿ ಬಂದಾಗ ಅದು ವರದಿಸೂಚಕವೆಂದು ಕೇಳುವವರಿಗೆ ಗೊತ್ತಾಗುತ್ತದೆ. ಎರಡನೆಯ ವಾಕ್ಯ ಕಿವಿಗೆ ಬಿದ್ದೊಡನೆ ಯಾವ ಹುಡುಗನಾದರೂ ಕೇಳುವ ಮುಂದಿನ ಮಾತು ‘ಯಾರು ಹೇಳಿದ್ರು?’ ಎಂಬುದು. ಮೊದಲನೆಯ ವಾಕ್ಯಕ್ಕೆ ಆ ಪ್ರಶ್ನೆ ಅಷ್ಟು ಸಲೀಸಾಗಿ ಬರುವುದಿಲ್ಲ. ಆಧಾರವನ್ನು ವಿಚಾರಿಸುವ ಈ ರೂಢಿಯನ್ನು ಯಾವ ಶಾಲೆಯೂ ಕಲಿಸಿದ್ದಲ್ಲ.

ಇಂಗ್ಲಿಷ್ ಇದೇ ಕೆಲಸವನ್ನು ಬೇರೆ ಸಾಧನಗಳಿಂದ ಮಾಡುತ್ತದೆ. ‘ಅಪ್ಯಾರೆಂಟ್ಲಿ’, ‘ರಿಪೋರ್ಟೆಡ್ಲಿ’, ‘ಈಸ್ ಸೆಡ್ ಟು’ ಇಂಥವು ವರದಿಸೂಚಕಗಳು. ಇವುಗಳಲ್ಲಿ ಮೊದಲನೆಯದು ನಮ್ಮ ತರಗತಿಗಳಲ್ಲಿ ಒಂದು ಬಲೆ. ‘ಅಪ್ಯಾರೆಂಟ್’ ಎಂದರೆ ಸ್ಪಷ್ಟ ಎಂದು ಕಲಿತ ವಿದ್ಯಾರ್ಥಿ ‘ಅಪ್ಯಾರೆಂಟ್ಲಿ’ಯನ್ನು ‘ಸ್ಪಷ್ಟವಾಗಿ’ ಎಂದೇ ತಿಳಿಯುತ್ತಾನೆ. ಆಡುಮಾತಿನಲ್ಲಿ ಅದರ ಅರ್ಥ ಬಹುಮಟ್ಟಿಗೆ ‘ಅಂತೆ’. ಹೇಳುವವನು ಖಚಿತತೆಯಿಂದ ಹಿಂದೆ ಸರಿದ ಕಡೆಯಲ್ಲಿಯೇ ಕೇಳುವವನು ಖಚಿತತೆಯನ್ನು ಕಾಣುತ್ತಾನೆ. ‘ಅಪ್ಯಾರೆಂಟ್ಲಿ ಎಂದರೆ ನಿಮ್ಮ ಅಂತ’ ಎಂದು ಒಮ್ಮೆ ಹೇಳಿದರೆ ಬಲೆ ಹರಿಯುತ್ತದೆ. ನಿಘಂಟಿನ ಅರ್ಥದ ಬದಲು ವ್ಯಾಕರಣದ ಅರ್ಥವನ್ನು ಕೊಡುವುದು ಇಲ್ಲಿ ಹೆಚ್ಚು ಫಲಕಾರಿ.

ಒತ್ತಿನ ವಿಷಯವೂ ಹೀಗೆಯೇ. ‘ಐ ಡಿಡ್ಂಟ್ ಸೇ ಹಿ ಟುಕ್ ದ ಮನಿ’ ಎಂಬ ವಾಕ್ಯದಲ್ಲಿ ಒತ್ತು ಯಾವ ಪದದ ಮೇಲೆ ಬೀಳುತ್ತದೆ ಎಂಬುದರ ಮೇಲೆ ಸೂಚಿತ ಆರೋಪ ಬದಲಾಗುತ್ತದೆ. ಕನ್ನಡ ಈ ಭೇದವನ್ನು ಹೆಚ್ಚಾಗಿ ಪದಕ್ರಮದಿಂದಲೂ ‘ಏ’ಕಾರದಿಂದಲೂ ತೋರುತ್ತದೆ: ‘ಅವನೇ ರೊಕ್ಕ ತಗೊಂಡ ಅಂತ ನಾ ಹೇಳಲಿಲ್ಲ’ ಎಂದರೆ ತೆಗೆದುಕೊಂಡವನು ಬೇರೊಬ್ಬನಿರಬಹುದು, ‘ಅವ ರೊಕ್ಕಾನ ತಗೊಂಡ ಅಂತ ನಾ ಹೇಳಲಿಲ್ಲ’ ಎಂದರೆ ತೆಗೆದುಕೊಂಡದ್ದು ಬೇರೇನೋ, ‘ಹಂಗಂತ ಹೇಳಿದಾಂವ ನಾ ಅಲ್ಲ’ ಎಂದರೆ ಹೇಳಿದವನು ಇನ್ನೊಬ್ಬ. ಎರಡನೆಯ ವಾಕ್ಯದಲ್ಲಿ ಶಿಷ್ಟ ಕನ್ನಡದ ‘ರೊಕ್ಕವನ್ನೇ’ ಎಂಬುದರ ‘ಏ’ಕಾರ ಧಾರವಾಡದಲ್ಲಿ ಬೇರೆ ರೂಪ ತಾಳಿರುವುದನ್ನು ಗಮನಿಸಬಹುದು. ಕನ್ನಡದ ಕಿವಿ ಪ್ರತ್ಯಯವನ್ನು ಹುಡುಕುತ್ತದೆ. ಇಂಗ್ಲಿಷ್ ಅದೇ ಅರ್ಥವನ್ನು ದನಿಯ ಏರಿನಲ್ಲಿ ಇಟ್ಟಿರುತ್ತದೆ. ಒಂದೇ ಇಂಗ್ಲಿಷ್ ವಾಕ್ಯವನ್ನು ಬೇರೆ ಬೇರೆ ಒತ್ತುಗಳಲ್ಲಿ ಹೇಳಿ, ಪ್ರತಿಯೊಂದಕ್ಕೂ ಮನೆಮಾತಿನ ವಾಕ್ಯವೊಂದನ್ನು ಹೊಂದಿಸುವ ಅಭ್ಯಾಸವನ್ನು ಯಾವ ಉಪಕರಣವೂ ಇಲ್ಲದೆ ನಡೆಸಬಹುದು.

ಪ್ರಶ್ನಾನುಬಂಧಗಳ ಪಾಠಕ್ಕೂ ಇದು ಅನ್ವಯಿಸುತ್ತದೆ. ವಾಕ್ಯದ ಕೊನೆಯ ‘ಈಸಿಂಟ್ ಇಟ್’ ಏರುದನಿಯಲ್ಲಿದ್ದರೆ ಸಾಮಾನ್ಯವಾಗಿ ನಿಜವಾದ ಪ್ರಶ್ನೆ, ಇಳಿದನಿಯಲ್ಲಿದ್ದರೆ ಒಪ್ಪಿಗೆಯ ನಿರೀಕ್ಷೆ. ನಮ್ಮ ‘ಹೌದಿಲ್ಲೋ?’ ಎರಡನೆಯ ಕೆಲಸವನ್ನು ಹೇಗೆ ಮಾಡುತ್ತದೆ, ಕೇಳುವವನ ಬಾಯಿಯಲ್ಲಿ ಉತ್ತರವನ್ನು ಹೇಗೆ ಇಟ್ಟುಬಿಡುತ್ತದೆ ಎಂಬುದು ಸಂತೆಯ ವ್ಯಾಪಾರ ನೋಡಿದ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಈ ಭಾಗದ ಜಾನಪದವೂ ಇಲ್ಲಿ ನೆರವಿಗೆ ಬರುತ್ತದೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿಯವರು ಶಿವನ, ಗಂಡಿನ ಹಿರಿಮೆಯನ್ನೂ ನಾಗೇಶಿಯವರು ಶಕ್ತಿಯ, ಹೆಣ್ಣಿನ ಹಿರಿಮೆಯನ್ನೂ ಎತ್ತಿ ಹಿಡಿದು ಸವಾಲು-ಜವಾಬುಗಳಲ್ಲಿ ರಾತ್ರಿಯಿಡೀ ವಾದಿಸುತ್ತಾರೆ. ಯಾವ ಸವಾಲಿಗೆ ಜವಾಬು ಸಿಕ್ಕಿತು, ಯಾವುದಕ್ಕೆ ಹಾಡಿನ ಅಬ್ಬರದಲ್ಲಿ ತಪ್ಪಿಸಿಕೊಂಡರು ಎಂಬುದನ್ನು ಕೇಳುಗರು ಕುಳಿತಲ್ಲಿಯೇ ನಿರ್ಣಯಿಸುತ್ತಾರೆ. ಸ್ವಾಮಿಯ ತಂದೆ ಜವಾಬು ತಪ್ಪಿಸಿದ ಎಂದು ಹೇಳುವುದಕ್ಕೆ ಬೇಕಾದ ಕಿವಿ ಇದೇ.

6. ಉಚ್ಚಾರಣೆ ಮತ್ತು ನಂಬಿಕೆ

ಎರಡನೆಯ ತೊಡಕು ಸಾಮಾಜಿಕವಾದದ್ದು. ‘ಇಂಗ್ಲಿಷ್ ಭಾಳ ಚಲೋ ಮಾತಾಡ್ತಾರ್ರಿ’ ಎಂಬ ಮೆಚ್ಚುಗೆಯಲ್ಲಿ ಉಚ್ಚಾರಣೆಯ ಅಂದಾಜು ಮತ್ತು ಮಾತಿನ ಅಂದಾಜು ಒಂದಾಗಿಬಿಡುತ್ತವೆ. ತಡೆಯಿಲ್ಲದೆ ಇಂಗ್ಲಿಷ್ ಮಾತಾಡುವವನು ತಿಳಿದವನೂ ನಂಬತಕ್ಕವನೂ ಆಗಿ ತೋರುತ್ತಾನೆ. ಇಂಗ್ಲಿಷ್ ಮಾತನ್ನು ವಿವೇಚಿಸಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಉಚ್ಚಾರಣೆ, ವ್ಯಾಕರಣ, ನಿರರ್ಗಳತೆಗಳನ್ನು ಕುರಿತು ಹೇಳತೊಡಗುತ್ತಾರೆ. ಅದು ಮಾತುಗಾರನ ಭಾಷಾಪರೀಕ್ಷೆ, ಮಾತಿನ ಪರೀಕ್ಷೆಯಲ್ಲ.

ಇದರ ಬೆಲೆ ತರಗತಿಯ ಹೊರಗೆ ತೆರಬೇಕಾಗುತ್ತದೆ. ಪೊಲೀಸರೆಂದೋ ತನಿಖಾಧಿಕಾರಿಗಳೆಂದೋ ಹೇಳಿಕೊಂಡು ದೂರವಾಣಿಯಲ್ಲಿ ಜನರನ್ನು ‘ಡಿಜಿಟಲ್ ಅರೆಸ್ಟ್’ ಮಾಡಿ ಹಣ ದೋಚುವ ವಂಚನೆಯನ್ನು ಕುರಿತು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಮಾತಾಡಿದರು. ಅಂಥ ಒಂದು ಕರೆಯ ಮುದ್ರಣವನ್ನು ಕೇಳಿಸಿ, ಅದರ ಹಂತಗಳನ್ನು ಬಿಡಿಸಿ ಹೇಳಿದರು: ಮೊದಲು ವೈಯಕ್ತಿಕ ಮಾಹಿತಿಯ ಸಂಗ್ರಹ, ಅನಂತರ ಭಯದ ವಾತಾವರಣ, ಆಮೇಲೆ ಸಮಯದ ಒತ್ತಡ. ಧ್ವನಿಮುದ್ರಣವನ್ನು ಕೇಳಿಸಿ ಅದರ ತಂತ್ರವನ್ನು ಬಿಡಿಸುವ ಈ ಕ್ರಮ, ನಾವು ತರಗತಿಯಲ್ಲಿ ಬಯಸುವ ಪಾಠವೇ. ಇಂಥ ಕರೆಗಳಲ್ಲಿ ಕಾನೂನಿನ ಇಂಗ್ಲಿಷ್ ಪದಗಳ ಸುರಿಮಳೆಗೂ ಒಂದು ಪಾತ್ರವಿದೆ. ಅರ್ಥವಾಗದ ಪದ ಇಲ್ಲಿ ಅನುಮಾನವನ್ನು ಹುಟ್ಟಿಸುವ ಬದಲು ಭಯವನ್ನು ಹುಟ್ಟಿಸುತ್ತದೆ. ಅರ್ಥವಾಗದ್ದನ್ನು ‘ಮತ್ತೊಮ್ಮೆ ಹೇಳಿ’ ಎಂದು ಕೇಳುವ ಧೈರ್ಯವೂ ಆಲಿಸುವಿಕೆಯ ಭಾಗವೆಂದು ಶಾಲೆ ಒಪ್ಪಬೇಕು.

ತರಗತಿಯಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ದುರ್ಬಲ ವಾದವೊಂದನ್ನು ನಿರರ್ಗಳ ಇಂಗ್ಲಿಷಿನಲ್ಲಿಯೂ, ಗಟ್ಟಿಯಾದ ವಾದವೊಂದನ್ನು ತಡವರಿಸುವ ಇಂಗ್ಲಿಷಿನಲ್ಲಿಯೂ ಕೇಳಿಸಿ, ಯಾರ ಮಾತನ್ನು ಒಪ್ಪುವಿರಿ, ಏಕೆ ಎಂದು ಕೇಳುವುದು. ಉತ್ತರವನ್ನು ಕನ್ನಡದಲ್ಲಿ ಹೇಳಲು ಬಿಡಬೇಕು. ಎರಡೂ ವಾದಗಳನ್ನು ಆಮೇಲೆ ಕನ್ನಡಕ್ಕೆ ಇಳಿಸಿದಾಗ ದನಿಯ ಹೊಳಪು ಹೋಗಿ ವಾದದ ಎಲುಬು ಉಳಿಯುತ್ತದೆ. ಅನುವಾದವು ಇಲ್ಲಿ ಗ್ರಹಿಕೆಯ ಊರುಗೋಲಲ್ಲ, ವಿವೇಚನೆಯ ಒರೆಗಲ್ಲು.

7. ಎರಡು ಭಾಷಣಗಳು

ಇಂಥ ಅಭ್ಯಾಸಕ್ಕೆ ತಕ್ಕ ಪಠ್ಯಗಳು ಹೇರಳವಾಗಿವೆ. 1947ರ ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಯಲ್ಲಿ ಜವಾಹರಲಾಲ್ ನೆಹರೂ ಮಾಡಿದ ಭಾಷಣದ ಧ್ವನಿಮುದ್ರಣ ಲಭ್ಯವಿದೆ. ನಡುರಾತ್ರಿಯ ಹೊತ್ತಿನಲ್ಲಿ ಜಗತ್ತು ಮಲಗಿರುವಾಗ ಭಾರತ ಎಚ್ಚರಗೊಳ್ಳುತ್ತದೆ ಎಂದು ಅವರು ಹೇಳುತ್ತಾರೆ. ದೆಹಲಿಯಲ್ಲಿ ನಡುರಾತ್ರಿಯಾದಾಗ ಲಂಡನ್ನಿನಲ್ಲಿ ಸಂಜೆ, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ. ರೇಖಾಂಶಗಳ ಪಾಠ ಓದಿದ ವಿದ್ಯಾರ್ಥಿಗೆ ಇದು ಗೊತ್ತು. ಹಾಗಾದರೆ ಮಾತು ಸುಳ್ಳೇ? ವಾಸ್ತವ ಹೇಳಿಕೆಯಾಗಿ ತಪ್ಪು, ರೂಪಕವಾಗಿ ಸಾರ್ಥಕ ಎಂಬ ಭೇದವನ್ನು ವಿದ್ಯಾರ್ಥಿಯೇ ಕಂಡುಕೊಂಡರೆ, ಯಾವ ಮಾತನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ದೊಡ್ಡ ಪಾಠವೇ ಆದಂತೆ. ಅದಕ್ಕೆ ತುಸು ಮೊದಲು, ಕೊಟ್ಟ ವಚನವನ್ನು ಪೂರ್ತಿಯಾಗಿ ಅಲ್ಲ, ಬಹುಮಟ್ಟಿಗೆ ಸಲ್ಲಿಸುತ್ತೇವೆ ಎಂಬ ಎಚ್ಚರದ ಮಾತಿದೆ. ದೇಶವಿಭಜನೆಯ ಆ ಹೊತ್ತಿನಲ್ಲಿ ಆ ಹಿಂಜರಿತಕ್ಕೆ ಅರ್ಥವಿತ್ತು. ಭಾಷಣದ ಲಯಕ್ಕೆ ಮಾರುಹೋದ ಕಿವಿ ಅದನ್ನು ದಾಟಿಹೋಗುತ್ತದೆ.

ಇದರ ಜೊತೆಗೆ 1949ರ ನವೆಂಬರ್ 25ರಂದು ಅದೇ ಸಭೆಯಲ್ಲಿ ಬಿ.ಆರ್. ಅಂಬೇಡ್ಕರರು ಮಾಡಿದ ಭಾಷಣದ ಭಾಗಗಳನ್ನು ವಾಚಿಸಿ ಕೇಳಿಸಬಹುದು. ಸ್ವಾತಂತ್ರ್ಯವನ್ನು ಮತ್ತೆ ಕಳೆದುಕೊಳ್ಳಬಹುದೆಂಬ ಆತಂಕಕ್ಕೆ ಅವರು ಇತಿಹಾಸದ ಉದಾಹರಣೆಗಳನ್ನು ಒಂದೊಂದಾಗಿ ಮುಂದಿಡುತ್ತಾರೆ. 1950ರ ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ-ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯವನ್ನು ಪ್ರವೇಶಿಸುತ್ತೇವೆ ಎಂದು ಎಚ್ಚರಿಸುತ್ತಾರೆ. ಒಂದು ಭಾಷಣ ರೂಪಕದಿಂದ ನಡೆಯುತ್ತದೆ, ಇನ್ನೊಂದು ಉದಾಹರಣೆ-ನಿಗಮನಗಳಿಂದ. ಯಾವುದು ಉತ್ತಮ ಎಂಬ ಪ್ರಶ್ನೆಗಿಂತ ಯಾವುದನ್ನು ಹೇಗೆ ತೂಗಬೇಕು ಎಂಬ ಪ್ರಶ್ನೆ ಇಲ್ಲಿ ಉಪಯುಕ್ತ. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಕೂಡದೆಂದು ಹೇಳಿದ ಭಾಷಣವನ್ನೂ ಭಕ್ತಿಯಿಂದ ಮಾತ್ರ ಕೇಳಿದರೆ ಅದಕ್ಕೆ ಅನ್ಯಾಯ ಮಾಡಿದಂತೆ.

8. ಅಂಕಗಳ ಪ್ರಶ್ನೆ

ಉಳಿದ ಮುಖ್ಯ ಆಕ್ಷೇಪ ಇದು: ಅಭಿಪ್ರಾಯಕ್ಕೆ ಅಂಕ ಕೊಡುವುದು ಹೇಗೆ? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಹುಟ್ಟಿದ ಚಿಂತನೆಯೊಂದು ದಾರಿ ತೋರುತ್ತದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದೆಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ‘ಬೆಂಗಳೂರು ಯೋಜನೆ’ ಇಂಗ್ಲಿಷ್ ಬೋಧನೆಯಲ್ಲಿ ಕಾರ್ಯಾಧಾರಿತ ಪದ್ಧತಿಗೆ ಜಗತ್ತಿನಲ್ಲಿಯೇ ಮೊದಲ ಹೆಜ್ಜೆಗಳಲ್ಲೊಂದು. 1987ರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಗ್ರಂಥದಲ್ಲಿ ಅವರು ತರಗತಿಯ ಕಾರ್ಯಗಳನ್ನು ಮಾಹಿತಿಯ ಅಂತರ, ತರ್ಕದ ಅಂತರ, ಅಭಿಪ್ರಾಯದ ಅಂತರ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಅವರ ಅನುಭವದಲ್ಲಿ ಹೆಚ್ಚು ಫಲ ಕೊಟ್ಟದ್ದು ತರ್ಕದ ಅಂತರದ ಕಾರ್ಯ. ಅಭಿಪ್ರಾಯದ ಕಾರ್ಯದಲ್ಲಿ ಸರಿ-ತಪ್ಪುಗಳ ನಿಶ್ಚಯವಿಲ್ಲದಿರುವುದು ಆರಂಭದ ಕಲಿಕೆಯವರಿಗೆ ತೊಡಕು.

ಮೌಖಿಕ ಪಠ್ಯದ ವಿವೇಚನೆಯನ್ನು ಅಭಿಪ್ರಾಯದ ಕಾರ್ಯವೆಂದು ಎಣಿಸಿದ್ದರಿಂದಲೇ ಅದು ಪ್ರೌಢಶಾಲೆಯಿಂದ ಹೊರಗುಳಿದಿದೆ ಎನಿಸುತ್ತದೆ. ಅದರ ಬಹುಭಾಗ ತರ್ಕದ ಕಾರ್ಯ. ‘ತಂದೆಯ ಮಾತು ನಿನಗೆ ಇಷ್ಟವಾಯಿತೇ?’ ಎಂಬುದು ಅಭಿಪ್ರಾಯ. ‘ಸ್ವಾಮಿಯ ಪ್ರಶ್ನೆಗೆ ತಂದೆಯ ಯಾವ ವಾಕ್ಯ ಉತ್ತರ? ಯಾವುದೂ ಅಲ್ಲವಾದರೆ ಏಕೆ?’ ಎಂಬುದು ತರ್ಕ. ಎರಡನೆಯದಕ್ಕೆ ಕೇಳಿದ ಪಠ್ಯದಿಂದಲೇ ಆಧಾರ ಕೊಡಬೇಕು. ಆ ಆಧಾರಕ್ಕೆ ಅಂಕ ಕೊಡಬಹುದು. ನಿರ್ಣಯಕ್ಕೆ ಅಂಕ ಬೇಡ, ನಿರ್ಣಯಕ್ಕೂ ಕೇಳಿದ ಮಾತಿಗೂ ಇರುವ ಕೊಂಡಿಗೆ ಅಂಕವಿರಲಿ. ಸದ್ಯದ 20 ಅಂಕಗಳ ಆಂತರಿಕ ವ್ಯವಸ್ಥೆಯೊಳಗೆ, ವರ್ಷಕ್ಕೆ ನಾಲ್ಕು ಧ್ವನಿಮುದ್ರಣಗಳನ್ನು ಇಟ್ಟುಕೊಂಡೇ ಇದನ್ನು ಆರಂಭಿಸಬಹುದು. ಮುದ್ರಿತ ಧ್ವನಿ ಏಕೆ ಬೇಕೆಂದರೆ, ಶಿಕ್ಷಕರೇ ಓದಿ ಹೇಳಿದ್ದನ್ನು ಪ್ರಶ್ನಿಸುವುದು ‘ಹೌದ್ರಿ ಸರ’ ಎನ್ನುವ ನಮ್ಮ ಮಕ್ಕಳಿಗೆ ಕಷ್ಟ. ದನಿ ಬೇರೆಯವರದಾದಾಗ ಶಿಕ್ಷಕರೂ ವಿದ್ಯಾರ್ಥಿಗಳೂ ಒಂದೇ ಬದಿಯಲ್ಲಿ ಕೂತು ಅದನ್ನು ತೂಗಬಹುದು.

ಅಡಚಣೆಗಳು ಇಲ್ಲವೆಂದಲ್ಲ. ಅರವತ್ತು ಮಕ್ಕಳ ತರಗತಿ, ಗದ್ದಲದ ಕಟ್ಟಡ, ಮಾರ್ಚ್ ತಿಂಗಳ ಫಲಿತಾಂಶದ ಒತ್ತಡ ಇವೆಲ್ಲ ನಿಜ. ಸರಿಯಾದ ಉತ್ತರವನ್ನು ಬರೆಯಿಸಿ ರೂಢಿಯಾದ ಶಿಕ್ಷಕರು, ಉತ್ತರ ತೆರೆದಿರುವ ಪ್ರಶ್ನೆಯನ್ನು ನಿಭಾಯಿಸಲು ತರಬೇತಿಯ ನೆರವನ್ನು ಬಯಸುವುದೂ ನ್ಯಾಯ. ಆದರೆ ಹೊಸ ಪುಸ್ತಕಕ್ಕಾಗಿ ಕಾಯುವ ಕಾರಣವಿಲ್ಲ. ಇರುವ ಪಾಠಗಳಿಗೆ ಪ್ರಶ್ನೆಗಳನ್ನು ಬದಲಿಸಿದರೆ ಕೆಲಸ ಮೊದಲಾಗುತ್ತದೆ.

9. ಉಪಸಂಹಾರ

ಪ್ರೌಢಶಾಲೆಯ ಇಂಗ್ಲಿಷ್ ಪಠ್ಯದಲ್ಲಿ ವಿವೇಚನೆಗೆ ತಕ್ಕ ಮೌಖಿಕ ಸಾಮಗ್ರಿ ಇದೆ; ಪ್ರಶ್ನೆಗಳು ಅದನ್ನು ಮುಟ್ಟುತ್ತಿಲ್ಲ. ಆಧಾರವನ್ನೂ ಒತ್ತನ್ನೂ ಒಪ್ಪಿಗೆಯ ಒತ್ತಾಯವನ್ನೂ ಗುರುತಿಸುವ ವ್ಯಾಕರಣ ವಿದ್ಯಾರ್ಥಿಯ ಕನ್ನಡದಲ್ಲಿದೆ. ಇಂಗ್ಲಿಷ್ ಬೋಧನೆ ಅದನ್ನು ಕರೆದು ಕೂರಿಸುತ್ತಿಲ್ಲ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಗಾದೆ. ಕಿವಿಯಾರೆ ಕೇಳಿದ್ದು ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಆ ಗಾದೆಗೆ ವಿನಾಯಿತಿ ಸಲ್ಲದು. ‘ಯಾರು ಹೇಳಿದ್ರು?’ ಎಂದು ಮನೆಯಲ್ಲಿ ಕೇಳಬಲ್ಲ ಮಗು ಇಂಗ್ಲಿಷ್ ತರಗತಿಯಲ್ಲಿಯೂ ಅದನ್ನೇ ಕೇಳುವಂತಾದರೆ, ಆಲಿಸುವಿಕೆಯ ಬೋಧನೆ ತನ್ನ ಕೆಲಸವನ್ನು ಮಾಡಿದಂತೆ.